ಹಿಂದಿನ ಸೀಟು

ತಕ್ಕಡಿಗಳ ನಿಖರತೆ ಪರೀಕ್ಷಿಸುವುದು ಅವನ ಕೆಲಸ. ಕಾರು ಕೊಂಡಾಗಲೂ ತೂಕದ ಮಾತನ್ನೇ ಆಡಿದ್ದ. ಭಾವನ ಬಳಿ ಅದೇ ಕಾರಿನ ಮಾಮೂಲಿ ಮಾದರಿಯಿತ್ತು. ಇವನದು ಲಿಮಿಟೆಡ್ ಎಡಿಷನ್. ತೂಕ ಇಳಿದು ವೇಗ ಹೆಚ್ಚಲೆಂದು ಕಂಪನಿಯೇ ಹಿಂದಿನ ಸೀಟು ಕಿತ್ತು, ಆ ಜಾಗಕ್ಕೆ ಕೆಂಪು ಬಲೆ ಕಟ್ಟಿತ್ತು.

"ಅಲ್ಲೋ, ಸೀಟು ಕಿತ್ಕೊಂಡಿದ್ದಕ್ಕೆ ಅವ್ರೇ ನಿಂಗೆ ದುಡ್ಡು ವಾಪಸ್ ಕೊಡ್ಬೇಕಿತ್ತು. ನೀನೇ ಮೇಲೆ ಸುರಿದು ಬಂದ್ಯಲ್ಲೋ!" ಎಂದು ಅಕ್ಕ ಬಿದ್ದುಬಿದ್ದು ನಕ್ಕಿದ್ದಳು.

"ಇಂಥದ್ದು ಇನ್ನು ತಯಾರಾಗಲ್ಲ ಕಣೇ. ನಿಂಗೆ ತಿಳಿಯಲ್ಲ ಬಿಡು."

ಅಮ್ಮನ ಸೊಂಟದ ಆಪರೇಷನ್ ಆದಾಗ ಅಕ್ಕನ ಜೊತೆ ಜಗಳವಾಡಿ ಗೆದ್ದಿದ್ದ: ಈ ಸಲ ಅಮ್ಮ ನನ್ನ ಮನೆಗೇ. ಬಚ್ಚಲಿಗೆ ಹಿಡಿಕೆ ಹಾಕಿಸಿದ, ಮಂಚದ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಿದ, ದಾರಿಗೆಂದು ಹೊಸ ದಿಂಬು ತಂದು ಕಾರಿನ ಬಲೆಯಲ್ಲಿಟ್ಟ.

ಇಂದು ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಅವನ ಕಾರಿನ ಮುಂದಿನ ಸೀಟನ್ನು ನೋಡಿದಳು. ಬಾಣಲೆಯಂತೆ ತಗ್ಗಾದ ಸೀಟು.

"ಇದರಲ್ಲಿ ಆಗಲ್ಲ ಸರ್. ಇಷ್ಟು ಕೆಳಗೆ ಕೂತ್ರೆ ಕೀಲು ಜಾರುತ್ತೆ. ಹಿಂದೆ ಕಾಲು ಚಾಚ್ಕೊಂಡು..." ಅವಳು ಬಗ್ಗಿ ಕಾರಿನ ಹಿಂಬದಿ ನೋಡಿ ಮಾತು ನಿಲ್ಲಿಸಿದಳು.

ಗಾಲಿಕುರ್ಚಿಯಲ್ಲಿದ್ದ ಅಮ್ಮ ಇಣುಕಿದಳು. "ನನ್ನನ್ನ ಆ ಬಲೇಲಿ ಹಾಕ್ಕೊಂಡು ಹೋಗ್ತೀಯೇನೋ, ಮೀನಿನ ಥರ?"

ತಮ್ಮ ಕಾರಿನಲ್ಲಿ ಬಂದಿದ್ದ ಅಕ್ಕ, ಭಾವ, ಎಲ್ಲರೂ ನಕ್ಕರು. ಅವನೂ ಹಲ್ಲು ಬಿಟ್ಟ.

"ಭಾವನ ಕಾರಲ್ಲೇ ಮಲಕ್ಕೋಮ್ಮ. ನಮ್ಮನೆ ತನಕ ಬಿಡ್ತಾರೆ."

"ಬಿಡ್ತಾರಪ್ಪ. ಆಮೇಲೆ ವಾರವಾರ ಡಾಕ್ಟರ ಹತ್ರ ಬರ್ಬೇಕಲ್ಲ? ಪ್ರತಿ ಸಲ ಅಳಿಯನ್ನ ಅವ್ರ ಮನೆಯಿಂದ ನಿನ್ನ ಮನೆಗೆ ಓಡಿಸ್ಲಾ?"

"ಟ್ಯಾಕ್ಸಿ ಮಾಡೋಣ."

"ಮನೇಲಿ ಕಾರು ಇಟ್ಕೊಂಡು?" ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಸೀಟಿಲ್ಲದ ಕಾರು ತಗೊಳ್ಳೋವಾಗ, ನಾನೆಲ್ಲಿ ಕೂರ್ತೀನಿ ಅಂತ ನಿಂಗೆ ಅನ್ನಿಸ್ಲೇ ಇಲ್ಲ, ಅಲ್ವಾ?"

ಅವನು ಬಾಯಿ ತೆರೆದ. ತೂಕ, ವೇಗ ಎಲ್ಲ ನಾಲಿಗೆ ತುದಿಗೆ ಬಂದವು. ಕೊನೆಗೆ ಗಾಲಿಕುರ್ಚಿಯನ್ನು ಭಾವನ ಕಾರಿನತ್ತ ತಳ್ಳಿದ.

ಭಾವ ಅಮ್ಮನನ್ನು ಮೆಲ್ಲಗೆ ತನ್ನ ಕಾರಿನ ಹಿಂದಿನ ಸೀಟಿಗೆ ಜರುಗಿಸಿದ. ಅಕ್ಕ ಗೆದ್ದೆನೆಂದು ಬೀಗಿದ್ದರೂ ಸಹಿಸಬಹುದಿತ್ತು. ಅವಳು ತಮ್ಮನ ತೋಳು ತಟ್ಟಿ, "ಭಾನುವಾರ ನಮ್ಮನೆಗೆ ಬಾರೋ, ಅಮ್ಮನ್ನ ನೋಡ್ಕೊಂಡು ಹೋಗುವಿಯಂತೆ" ಎಂದಳು, ನೆಂಟರಿಗೆ ಹೇಳಿದಂತೆ.

ಕವಲುದಾರಿಯವರೆಗೆ ಅವರ ಹಿಂದೆಯೇ ಹೋದ. ಭಾವ ಪ್ರತಿ ಉಬ್ಬಿನಲ್ಲೂ ಆಮೆಯಾಗುತ್ತಿದ್ದ. ಇವನ ಗಡಸು ಸ್ಪ್ರಿಂಗುಗಳು ಅದೇ ಉಬ್ಬುಗಳನ್ನು ಬೆನ್ನಿಗೆ ಗುದ್ದಿ ಹೇಳುತ್ತಿದ್ದವು. ಅವರು ಎಡಕ್ಕೆ ಹೊರಳಿದರು.

ಅವನು ಬಲಕ್ಕೆ ತಿರುಗಿ ಆಕ್ಸಿಲರೇಟರ್ ಒತ್ತಿದ. ಕಾರು ಬಾಣದಂತೆ ಚಿಮ್ಮಿತು. ಹೇಳಿದ್ದಷ್ಟನ್ನೂ ಮಾಡುವ ಕಾರು ಅದು. ಹೊಸ ದಿಂಬು ಬಲೆಯಿಂದ ಜಾರಿ, ಬರಿಯ ತಗಡಿನ ಮೇಲೆ ಮನೆಯವರೆಗೂ ಹೊರಳಾಡಿತು.