ಸೀಯಬೇಕಾದ ಉಪ್ಪಿಟ್ಟು

ನಾಟಕದವರನ್ನು ಮದುವೆಯಾದರೆ ಬರೀ ಹಾರ, ಚಪ್ಪಾಳೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ನಮ್ಮ ಓಮ್ನಿಯ ಹಿಂಬಾಗಿಲನ್ನು ಒಮ್ಮೆ ತೆರೆದು ನೋಡಬೇಕು. ಒಂದು ಪುಟ್ಟ ಗ್ಯಾಸ್ ಸಿಲಿಂಡರ್, ಒಂಟಿ ಒಲೆ, ಮರದ ಕುರ್ಚಿ, ಮರಳು ತುಂಬಿದ ಬಕೆಟ್ಟು, ಎರಡು ಸ್ಪಾಟ್‌ಲೈಟು, ಒಂದು ಚೀಲ ರವೆ. ಇದಿಷ್ಟನ್ನೂ ಹೇರಿಕೊಂಡು ಊರೂರು ಅಲೆದವನು ನಾನು, ನಾಗಭೂಷಣ್. ಗೋವಿಂದರಾಜನಗರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಬಲ್ಬು ಮಾರುತ್ತೇನೆ ಎಂಬ ಒಂದೇ ಕಾರಣಕ್ಕೆ ನನ್ನ ಹೆಂಡತಿ ಸೌಮ್ಯಶ್ರೀ ಪೋಸ್ಟರಿನಲ್ಲಿ ನನ್ನನ್ನು ಬೆಳಕಿನ ವಿನ್ಯಾಸಕ ಎಂದು ಹಾಕಿಬಿಟ್ಟಳು.

ಅವಳು ಬಸವೇಶ್ವರನಗರದ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಪಾಠ ಮುಗಿಸಿ, ಮನೆಗೆ ಬಂದು ಅಡುಗೆ ಮುಗಿಸಿ, ಆಮೇಲೆ ಉಳಿದ ಹೊತ್ತಿನಲ್ಲಿ ನಾಟಕ ಬರೆಯುತ್ತಾಳೆ. ಈ ನಾಟಕದಲ್ಲಿ ಪಾತ್ರ ಒಂದೇ, ಅದೂ ಅವಳದೇ. ಒಬ್ಬ ಹೆಂಗಸು ವೇದಿಕೆಯ ಮೇಲೆ ನಿಜವಾದ ಒಲೆ ಹಚ್ಚಿ ನಿಜವಾದ ಉಪ್ಪಿಟ್ಟು ಮಾಡುತ್ತಾ ತನ್ನ ಕಥೆ ಹೇಳುತ್ತಾಳೆ. ಒಳಗಿನಿಂದ ಮನೆಯವರ ಕೂಗು ಬರುತ್ತಲೇ ಇರುತ್ತದೆ: ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ, ಕಾಫಿ ಆಯ್ತಾ. ಕೊನೆಗೆ ಅವಳು ಬಾಣಲೆಗೆ ಮುಚ್ಚಳ ಮುಚ್ಚಿ ಕುರ್ಚಿಯಲ್ಲಿ ಕೂರುತ್ತಾಳೆ. ಕೂತವಳು ಮತ್ತೆ ಏಳುವುದಿಲ್ಲ. ಉಪ್ಪಿಟ್ಟು ತಳ ಹಿಡಿಯುತ್ತದೆ, ವಾಸನೆ ಬರುತ್ತದೆ, ಹೊಗೆ ಏಳುತ್ತದೆ. "ಏನೋ ಸೀಯ್ತಾ ಇದೆ ನೋಡೇ!" ಎಂದು ಗಂಡನ ಧ್ವನಿ ಕೂಗುತ್ತದೆ. ಆಗಲೂ ಏಳುವುದಿಲ್ಲ. ಬೆಳಕು ಆರುತ್ತದೆ, ನಾಟಕ ಮುಗಿಯುತ್ತದೆ.

ಆ ಗಂಡನ ಧ್ವನಿ ನನ್ನದೇ. ಮೊಬೈಲಿನಲ್ಲಿ ಒಂದೇ ಸಲಕ್ಕೆ ರೆಕಾರ್ಡ್ ಮಾಡಿದ್ದು. ಎಷ್ಟು ಸಹಜ ಅಭಿನಯ ಎಂದು ಎಲ್ಲರೂ ಹೊಗಳಿದರು. "ಅಭಿನಯ ಎಲ್ಲಿಂದ ಬಂತು" ಎಂದು ನನ್ನ ಅಮ್ಮ ಶಿವಕ್ಕ ಮಾತ್ರ ಮೂಗು ಮುರಿದಳು.

ಮೊದಲ ಪ್ರದರ್ಶನ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ನಡೆಯಿತು. ಬಂದವರೆಲ್ಲ ರಂಗಭೂಮಿಯ ಮಂದಿ. ಪಕ್ಕದ ಕುರ್ಚಿಗೆ ಬೆಂಕಿ ಬಿದ್ದರೂ ಗಡ್ಡ ನೀವಿಕೊಂಡು ಕೂರುವ ಪೈಕಿ ಅವರು. ಉಪ್ಪಿಟ್ಟು ನೆಮ್ಮದಿಯಾಗಿ ಸೀದುಹೋಯಿತು, ಆಮೇಲೆ ಗಂಟೆಗಟ್ಟಲೆ ಚರ್ಚೆಯೂ ಆಯಿತು. ಆ ಖುಷಿಯಲ್ಲೇ ಸೌಮ್ಯ ಫ್ರಿಂಜ್ ಉತ್ಸವಗಳಿಗೆ ಬರೆದು ಹಾಕಿದಳು. ಫ್ರಿಂಜ್ ಎಂದರೆ, ದೊಡ್ಡ ನಾಟಕಗಳು ದೊಡ್ಡ ರಂಗಮಂದಿರದಲ್ಲಿ ನಡೆಯುವಾಗ ನಮ್ಮಂಥವರಿಗೆ ಶಾಲೆಯ ಕೊಠಡಿಯನ್ನೋ ಛತ್ರದ ಊಟದ ಹಾಲನ್ನೋ ಬಿಟ್ಟುಕೊಡುವ ಏರ್ಪಾಡು. ತಿಪಟೂರು, ಅರಸೀಕೆರೆ, ಚಿತ್ರದುರ್ಗ, ಕೊನೆಗೆ ನಮ್ಮ ಕೆಂಗೇರಿ, ಹೀಗೆ ನಾಲ್ಕು ಕಡೆಯವರು ಕರೆದರು.

ಅಮ್ಮನೂ ಹೊರಟು ನಿಂತಳು. ಪಾತ್ರೆಗಳು ತನ್ನವು ಎಂಬುದು ಒಂದು ಕಾರಣ, ಹೋಟೆಲಿನ ಊಟ ಸೇರುವುದಿಲ್ಲ ಎಂಬುದು ಇನ್ನೊಂದು. ನಿಜವಾದ ಕಾರಣವೆಂದರೆ, ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಬೇಕೆಂದೇ ಉಪ್ಪಿಟ್ಟು ಸೀಯಿಸುತ್ತಾಳೆ ಎಂಬುದನ್ನು ಅವಳಿಗೆ ಇನ್ನೂ ನಂಬಲಾಗಿರಲಿಲ್ಲ. ರಿಹರ್ಸಲಿಗೆ ಅವಳು ಮೊದಲು ಕೊಟ್ಟಿದ್ದು ದಪ್ಪ ತಳದ ಬಾಣಲೆ. ಅದರಲ್ಲಿ ಎಷ್ಟು ಹೊತ್ತು ಬಿಟ್ಟರೂ ಉಪ್ಪಿಟ್ಟು ಹದವಾಗಿ, ಘಮಘಮ ಎಂದು ಬೇಯುತ್ತಲೇ ಇತ್ತು. ಕಾಡಿ ಬೇಡಿ ಒಂದು ತೆಳು ಅಲ್ಯೂಮಿನಿಯಂ ಬಾಣಲೆ ಇಸಿದುಕೊಳ್ಳಬೇಕಾಯಿತು.

ತಿಪಟೂರಿನಲ್ಲಿ ಹೈಸ್ಕೂಲಿನ ಕೊಠಡಿ. ಮುಂದಿನ ಸಾಲು ಪೂರ್ತಿ ಹೆಂಗಸರು. ಒಗ್ಗರಣೆ ಸಿಡಿಸಿದಾಗಲೇ ಸೌಮ್ಯ ಅರ್ಧ ಸಭೆಯನ್ನು ಗೆದ್ದುಬಿಟ್ಟಿದ್ದಳು. ಕೊನೆಗೆ ಕುರ್ಚಿಯಲ್ಲಿ ಕೂತಳು. ತಳ ಹಿಡಿದ ವಾಸನೆ ಮೊದಲ ಸಾಲಿಗೆ ಮುಟ್ಟಿತು ನೋಡಿ, ರೇಷ್ಮೆ ಸೀರೆಯ ಒಬ್ಬ ಹೆಂಗಸು ಎದ್ದವರೇ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಒಲೆ ಆರಿಸಿದರು. "ಮಾತಾಡ್ತಾ ಮಾತಾಡ್ತಾ ಮರ್ತೇ ಬಿಟ್ಯಲ್ಲಮ್ಮ" ಎಂದು ಸೌಮ್ಯಳ ಭುಜ ತಟ್ಟಿ ಇಳಿದು ಹೋದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಸೌಮ್ಯಳಿಗಲ್ಲ, ಆಕೆಗೆ. ನಾನು ದಿಕ್ಕು ತೋಚದೆ ಲೈಟು ಆರಿಸಿದೆ.

ಅರಸೀಕೆರೆಯಲ್ಲಿ ಒಲೆಯನ್ನು ಹಿಂದಕ್ಕೆ ಸರಿಸಿ, ಮುಂದೆ ಹಗ್ಗ ಕಟ್ಟಿದೆ. ಈ ಸಲ ಎದ್ದವರು ಗಂಡಸು, ರೈಲ್ವೆಯಿಂದ ರಿಟೈರ್ ಆದವರು. ಹಗ್ಗದ ಕೆಳಗೆ ನುಸುಳಿ ಬಂದು, ಮುಚ್ಚಳ ತೆಗೆದು, ತಮ್ಮ ಬಾಟಲಿಯ ನೀರನ್ನು ಬಾಣಲೆಗೆ ಸುರಿದು, ಸೌಟಿನಲ್ಲಿ ಚೆನ್ನಾಗಿ ತಿರುವಿದರು. "ನೀರು ಕಮ್ಮಿ ಹಾಕಿದ್ರಿ ಮೇಡಂ, ಈಗ ಸರಿಹೋಯ್ತು" ಎಂದರು. ಅವರ ಹೆಂಡತಿ ಬಿಟ್ಟ ಬಾಯಿ ಮುಚ್ಚದೆ ನೋಡುತ್ತಿದ್ದರು. "ಮನೇಲಿ ಕುಡಿದ ಲೋಟ ಎತ್ತಿಡಲ್ಲ ಸಾರ್ ಇವ್ರು" ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಉಪ್ಪಿಟ್ಟು ಬದುಕಿತು, ನಾಟಕ ಸತ್ತಿತು. ಸಂಘಟಕರು ಪೇಪರ್ ಪ್ಲೇಟು ತರಿಸಿ ಎಲ್ಲರಿಗೂ ಹಂಚಿದರು. ಚಟ್ನಿ ಇಲ್ಲವಾ ಎಂದು ಕೇಳಿದವರೂ ಇದ್ದರು.

ಚಿತ್ರದುರ್ಗದಲ್ಲಿ ನಾನೇ ಮೈಕ್ ಹಿಡಿದೆ. "ಉಪ್ಪಿಟ್ಟು ಸೀಯುವುದು ನಾಟಕದ ಭಾಗ. ದಯವಿಟ್ಟು ಯಾರೂ ವೇದಿಕೆಗೆ ಬರಬಾರದು" ಎಂದು ಎರಡು ಸಲ ಹೇಳಿದೆ. ಸಿಲಿಂಡರನ್ನೂ ಜನರ ಕಣ್ಣಿಗೆ ಬೀಳದ ಹಾಗೆ ಪರದೆಯ ಹಿಂದೆ ಇಟ್ಟು ಉದ್ದನೆಯ ಟ್ಯೂಬು ಎಳೆದೆ. ಜನ ಮಾತು ಕೇಳಿದರು. ವಾಸನೆ ಬಂದಾಗ ಹೆಂಗಸರು ಸೆರಗು ಹಿಂಡುತ್ತಾ ಚಡಪಡಿಸಿದರು, ಆದರೆ ಒಬ್ಬರೂ ಏಳಲಿಲ್ಲ. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಏಳುತ್ತಿದ್ದ ಹೊಗೆ ತೆಳುವಾಯಿತು, ನಿಂತೇ ಹೋಯಿತು. ಸೌಮ್ಯ ಕೂತೇ ಇದ್ದಳು. "ಏನೋ ಸೀಯ್ತಾ ಇದೆ ನೋಡೇ!" ಎಂದು ನನ್ನ ಧ್ವನಿ ಕೂಗಿತು. "ಏನೂ ಸೀಯ್ತಿಲ್ಲ ಬಿಡ್ರಣ್ಣ, ಆರಾಮಾಗಿರ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಉತ್ತರ ಕೊಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು.

ಪರದೆಯ ಹಿಂದೆ ಓಡಿ ಹೋಗಿ ನೋಡಿದರೆ ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿತ್ತು. ಪಕ್ಕದಲ್ಲಿ ಅಮ್ಮ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

"ಕೈ ತಾನಾಗೇ ಹೋಯ್ತು ಕಣೋ" ಎಂದಳು ಅಮ್ಮ, ಓಮ್ನಿ ಹೈವೇ ಹತ್ತಿದ ಮೇಲೆ. "ನಾನೇನು ಬೇಕಂತ ಮಾಡಿದ್ನಾ? ತಿನ್ನೋ ಪದಾರ್ಥ ಕಣ್ಮುಂದೆ ಸುಟ್ಟು ಹೋಗ್ತಿದ್ರೆ ಹೆಂಗೆ ನಿಂತ್ಕೊಂಡು ನೋಡ್ಲಿ?"

ಸೌಮ್ಯ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಿರಿಯೂರು ದಾಟಿತು, ಶಿರಾ ಬಂತು. ಆಗ ಬಾಯಿ ಬಿಟ್ಟಳು.

"ಅತ್ತೆ, ಕೆಂಗೇರಿಗೆ ನೀವು ಬರ್ಬೇಡಿ." ಆಮೇಲೆ ನನಗೆ ಹೇಳಿದಳು: "ರೀ, ಅಲ್ಲೂ ಹಿಂಗೇ ಆದ್ರೆ ನಾನು ಕೊನೆ ಬದಲಾಯಿಸ್ತೀನಿ. ಅವಳು ಎದ್ದು ಒಲೆ ಆರಿಸ್ತಾಳೆ, ಎಲ್ರಿಗೂ ಬಡಿಸ್ತಾಳೆ. ಜನಕ್ಕೆ ಬೇಕಾಗಿರೋದು ಅದೇ ತಾನೆ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಆ ಹೆಂಗಸನ್ನು ಒಂದು ಸಲ ಕುರ್ಚಿಯಲ್ಲಿ ಕೂರಿಸುವುದಕ್ಕೆಂದೇ ಸೌಮ್ಯ ಆ ನಾಟಕವನ್ನೆಲ್ಲ ಬರೆದಿದ್ದಳು. ಎಬ್ಬಿಸಿ ಬಡಿಸಲು ಹಚ್ಚಿದರೆ ನಾಟಕದಲ್ಲಿ ಉಳಿಯುವುದು ಉಪ್ಪಿಟ್ಟು ಮಾತ್ರ.

ಮನೆಯಲ್ಲಿ ಅತ್ತೆ ಸೊಸೆ ಬೇಕಾದಷ್ಟೇ ಮಾತಾಡಿಕೊಂಡು ದಿನ ತಳ್ಳಿದರು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ನಡುಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನನ್ನು ಕೇಳಿದಳು.

"ಅಲ್ಲ ಕಣೋ ನಾಗು, ಆ ಹೆಂಗ್ಸು ಯಾಕೆ ಏಳಲ್ಲ?"

ಚರ್ಚೆಗಳನ್ನೆಲ್ಲ ಕೇಳಿಸಿಕೊಂಡಿದ್ದ ನಾನು ಗಂಟಲು ಸರಿಮಾಡಿಕೊಂಡೆ. "ಅದು ಪ್ರತಿರೋಧ ಅಮ್ಮ. ಅಡುಗೆಮನೆ ಅನ್ನೋದು ಒಂದು ರೂಪಕ..."

"ನಿನ್ನ ತಲೆ. ಮಂಡಿ ನೋವಾ ಅವಳಿಗೆ?"

ಅಡುಗೆಮನೆಯಿಂದ ಸೌಮ್ಯಳ ಧ್ವನಿ ಬಂತು. "ಸುಸ್ತು ಅತ್ತೆ. ಅಷ್ಟೇ. ಅವಳಿಗೆ ಸುಸ್ತಾಗಿದೆ."

ಅಮ್ಮನ ಕೈ ನಿಂತಿತು. "ಅಷ್ಟೇನಾ?" ಎಂದಳು. "ಅದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ನಾಟಕದ ತುಂಬಾ ಅದನ್ನೇ ಹೇಳಿದೀನಲ್ಲ ಅತ್ತೆ."

"ನಾಟಕ ನಾನೆಲ್ಲಿ ನೋಡ್ದೆ? ಒಲೆ ನೋಡ್ತಾ ಇದ್ದೆ."

ಕೆಂಗೇರಿಯ ಉತ್ಸವ ನಡೆದದ್ದು ಬಡಾವಣೆಯ ಸಮುದಾಯ ಭವನದಲ್ಲಿ. ಸಂಘಟಕ ಚನ್ನವೀರೇಶ್ ಬಾಗಿಲಲ್ಲೇ ಎದುರಾದರು. "ಕೊನೇಲಿ ಎಲ್ರಿಗೂ ಒಂದೊಂದು ಪ್ಲೇಟ್ ಸಿಗುತ್ತಲ್ಲ ಮೇಡಂ? ಅರಸೀಕೆರೇಲಿ ಕೊಟ್ರಂತೆ" ಎಂದು ಹಲ್ಲು ಕಿರಿದರು. ಸೌಮ್ಯ ಮೆಣಸಿನಕಾಯಿ ಹೆಚ್ಚಲು ಹೋದಳು. ಹೆಂಗಸರು ಮುಂದೆ ಬಂದು ಕೂತರು, ಗಂಡಂದಿರು ಹೆಲ್ಮೆಟ್ ಹಿಡಿದುಕೊಂಡು ಹಿಂದಿನ ಗೋಡೆಗೆ ಒರಗಿದರು. ನಾನು ಲೈಟು ತಿರುಗಿಸಿ ನೋಡುತ್ತೇನೆ, ಮೊದಲ ಸಾಲಿನ ನಡು ಮಧ್ಯೆ ಇಳಕಲ್ ಸೀರೆ ಉಟ್ಟುಕೊಂಡು ಅಮ್ಮ ಕೂತಿದ್ದಾಳೆ! ವಿಜಯನಗರದವರೆಗೆ ಆಟೋದಲ್ಲಿ ಹೋಗಿ, ಅಲ್ಲಿಂದ ಮೆಟ್ರೋ ಹಿಡಿದು ಒಬ್ಬಳೇ ಬಂದಿದ್ದಳು. ಅವಳನ್ನು ಕಂಡು ಸೌಮ್ಯಳ ಮುಖ ಬಿಳಿಚಿಕೊಂಡಿತು. ಎಬ್ಬಿಸಿ ಕಳಿಸುವಷ್ಟು ಹೊತ್ತೂ ಇರಲಿಲ್ಲ, ಅಷ್ಟು ಧೈರ್ಯವೂ ನನಗಿರಲಿಲ್ಲ.

ನಾಟಕ ಚೆನ್ನಾಗಿಯೇ ನಡೆಯಿತು. ಮುಚ್ಚಳ ಮುಚ್ಚಿ ಸೌಮ್ಯ ಕುರ್ಚಿಯಲ್ಲಿ ಕೂತಳು. ವಾಸನೆ ಶುರುವಾಯಿತು. ಮೊದಲ ಸಾಲು ಮಿಸುಕಾಡಿತು. ಅಮ್ಮನ ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸು ಅರ್ಧ ಎದ್ದರು. ಅಮ್ಮ ಅವರ ಮುಂಗೈ ಹಿಡಿದುಕೊಂಡಳು.

"ಕೂತ್ಕೊಳ್ರಿ."

"ಅಯ್ಯೋ, ಸೀಯ್ತಾ ಇದೆ ಕಣ್ರೀ!"

"ಸೀಯ್ಲಿ."

"ಪಾತ್ರೆ ಹಾಳಾಗುತ್ತೆ!"

"ನಂದೇ ಪಾತ್ರೆ. ಹಾಳಾಗ್ಲಿ."

ಅತ್ತ ಇನ್ನಿಬ್ಬರು ಏಳತೊಡಗಿದ್ದರು. ಅಮ್ಮ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದಳು. "ಅವಳಿಗೆ ಸುಸ್ತಾಗಿದೆ, ಕೂತಿದಾಳೆ. ಅವಳೇ ಎದ್ದಿಲ್ಲ, ನಿಮಗೇನ್ರವ್ವ ಅವಸರ?" ಎಂದಳು. ಗದರಿದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು. ಎದ್ದವರು ಕೂತರು. ಇಡೀ ಭವನದಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಬಾಣಲೆಯ ಅಂಚಿನಿಂದ ಹೊಗೆ ಎದ್ದು ನನ್ನ ಸ್ಪಾಟ್‌ಲೈಟಿನಲ್ಲಿ ನಿಧಾನವಾಗಿ ಮೇಲೇರಿತು.

"ಏನೋ ಸೀಯ್ತಾ ಇದೆ ನೋಡೇ!" ಎಂದು ನನ್ನ ಧ್ವನಿ ಕೂಗಿತು.

"ನೀವೇ ಎದ್ದು ನೋಡ್ಕೊಳ್ರಿ!" ಎಂದು ಆ ದಪ್ಪನೆಯ ಹೆಂಗಸು ಗದರಿದರು.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಲೈಟಿನ ಹಿಂದೆ ಕತ್ತಲಲ್ಲಿದ್ದರೂ ನನ್ನ ಕಿವಿ ಬಿಸಿಯಾಯಿತು. ನಗು ತಾನಾಗೇ ಅಡಗಿತು. ಸೌಮ್ಯ ಕೂತೇ ಇದ್ದಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೆನ್ನೆ ಒದ್ದೆ ಮಾಡಿಕೊಂಡು. ಮೊದಲ ಸಾಲಿನಲ್ಲಿ ಅಮ್ಮನೂ ಅಳುತ್ತಿದ್ದಳು. ಇಬ್ಬರನ್ನೂ ನೋಡುತ್ತಾ ನನಗೆ ಎದೆ ತುಂಬಿ ಬಂದು, ಲೈಟು ಇಳಿಸುವುದು ಸ್ವಲ್ಪ ತಡವಾಯಿತು.

ಚಪ್ಪಾಳೆ ಮುಗಿದ ಮೇಲೆ ಒಲೆ ಆರಿಸಿ ಟ್ಯೂಬ್‌ಲೈಟು ಹಾಕಿದೆ. ಗಂಡಸರು ಬಾಗಿಲ ಹತ್ತಿರ ಬೈಕಿನ ಕೀ ಆಡಿಸುತ್ತಾ ನಿಂತರು. ಮೊದಲ ಸಾಲು ಏಳಲಿಲ್ಲ. ಎರಡನೆಯದೂ ಏಳಲಿಲ್ಲ.

"ವಿಮಲಾ, ಏಳೇ, ಲೇಟಾಯ್ತು" ಎಂದು ಬಾಗಿಲಿನಿಂದ ಒಬ್ಬರು ಕರೆದರು. ಅಮ್ಮನ ಪಕ್ಕದ ಆ ಹೆಂಗಸು ಸೆರಗು ಸರಿಮಾಡಿಕೊಂಡು ಇನ್ನಷ್ಟು ಹಿಂದಕ್ಕೆ ಒರಗಿ ಕೂತರು. ಇನ್ನೊಂದು ಕಡೆಯಿಂದ "ಅಮ್ಮಾ, ಹಸಿವು" ಎಂಬ ಕೂಗು ಬಂತು. ಅದಕ್ಕೂ ಯಾರೂ ಅಲುಗಲಿಲ್ಲ. ಚನ್ನವೀರೇಶ್ ಮೈಕಿನಲ್ಲಿ ಎರಡೆರಡು ಸಲ ವಂದನಾರ್ಪಣೆ ಮಾಡಿದರು, ಸಾಲದ್ದಕ್ಕೆ ಫ್ಯಾನು ಆರಿಸಿದರು. ಹೆಂಗಸರು ಮಾತಿಲ್ಲದೆ, ಸಿಟ್ಟಿಲ್ಲದೆ, ಸುಮ್ಮನೆ ಕೂತೇ ಇದ್ದರು. ವೇದಿಕೆಯ ಮೇಲೆ ಸೌಮ್ಯಳೂ ಕುರ್ಚಿ ಬಿಟ್ಟಿರಲಿಲ್ಲ.

ಭವನಕ್ಕೆ ಬೀಗ ಹಾಕುವವರು ಬಂದು ನನ್ನ ಮುಖ ನೋಡಿದರು. ನಾನು ಅಮ್ಮನ ಹತ್ತಿರ ಹೋಗಿ ಬಗ್ಗಿ, "ಅಮ್ಮ, ಏಳು. ಸಾಮಾನೆಲ್ಲ ತೊಳೆದು ಎತ್ತಿಡ್ಬೇಕು" ಎಂದೆ.

ಅಮ್ಮ ಸೊಸೆಯ ಕಡೆ ಒಮ್ಮೆ ನೋಡಿ, ಕಾಲು ಚಾಚಿಕೊಂಡಳು.

"ಎತ್ತಿಡು" ಎಂದಳು.