ಮೂರು ಭಾನುವಾರ ನಗಬಾರದು

ಅರವತ್ತಮೂರನೇ ವಯಸ್ಸಿನಲ್ಲಿ ನಮ್ಮಣ್ಣನಿಗೆ ಮದುವೆಯ ಹುಚ್ಚು ಹಿಡಿಯಿತು. ಅವನು ಶವಪೆಟ್ಟಿಗೆ ಮಾಡುವವನು, ಊರಿಗೆಲ್ಲ ಪೆಟ್ಟಿಗೆಯಣ್ಣ. ಪೆಟ್ಟಿಗೆಯ ಒಳಗೆ ಬಿಳಿ ಬಟ್ಟೆ ಹೊಲಿದು ಹಚ್ಚುವುದು ನನ್ನ ಕೆಲಸ. ನಲವತ್ತು ವರ್ಷ ಒಂದೇ ಸೂರಿನಡಿ ದುಡಿದರೂ ಅವನು ಸಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಆ ವಾರ ಸಿಳ್ಳೆ ಹಾಕುತ್ತಲೇ ಮೊಳೆ ಹೊಡೆದ. ಪೆಟ್ಟಿಗೆ ಒಯ್ಯಲು ಬಂದ ಮನೆಯವರು ಮುಖ ಮುಖ ನೋಡಿಕೊಂಡರು.

"ಅಣ್ಣ, ಗಿರಾಕಿ ಮುಂದೆ ಸ್ವಲ್ಪ ದುಃಖದಲ್ಲಿರೋ ಹಾಗೆ ಕಾಣು," ಅಂದೆ.

"ಪ್ರಯತ್ನ ಮಾಡ್ತಾನೇ ಇದೀನಿ ಕಣೇ. ಆಗ್ತಿಲ್ಲ."

ಇದಕ್ಕೆಲ್ಲ ಕಾರಣ ಆಸ್ಪತ್ರೆಯ ಲಾಂಡ್ರಿಯಕ್ಕ. ಐವತ್ತೆಂಟರ ವಿಧವೆ, ಹಾಸಿಗೆ ಬಟ್ಟೆ ಒಗೆದು ಒಗೆದು ಬೆರಳೆಲ್ಲ ಬಿಳಿಚಿಕೊಂಡ ಹೆಂಗಸು. ಹೇಳುವವರು ಕೇಳುವವರು ಇಲ್ಲದೆ ಸತ್ತ ಮುದುಕನೊಬ್ಬನಿಗೆ ಪೆಟ್ಟಿಗೆ ಒಯ್ದಾಗ, ಅವನಿಗೆ ಹೊದಿಸಿದ್ದ ಬಟ್ಟೆ ಗರಿಗರಿಯಾಗಿ ಇಸ್ತ್ರಿಯಾಗಿದ್ದನ್ನು ಅಣ್ಣ ಕಂಡ. ಯಾರು ಮಾಡಿದ್ದು ಎಂದು ವಿಚಾರಿಸುತ್ತ ನೇರ ಲಾಂಡ್ರಿಗೇ ಹೋದ.

"ಮಣ್ಣಿಗೆ ಹೋಗೋ ಬಟ್ಟೆಗೆ ಇಸ್ತ್ರಿ ಯಾಕ್ರೀ?"

"ನೋಡೋರಿಲ್ಲ ಅಂತ ಸುಕ್ಕು ಬಟ್ಟೆ ಹೊದಿಸೋಕಾಗುತ್ತಾ? ಅವನನ್ನೂ ದೇವರು ತನ್ನ ಹಾಗೇ ಮಾಡಿದ್ದಲ್ವಾ," ಎಂದಳಂತೆ ಆಕೆ. "ನೀವ್ಯಾಕೆ ಪೆಟ್ಟಿಗೆ ಒಳಗೆ ಅಷ್ಟು ನುಣುಪು ಮಾಡ್ತೀರಿ? ಕೈಯಾಡಿಸಿ ನೋಡಿದೀನಿ ನಾನು. ಬಟ್ಟೆ ಹಚ್ಚಿದ ಮೇಲೆ ಯಾರಿಗೆ ಕಾಣುತ್ತೆ?"

"ಸತ್ತೋರೆಲ್ಲ ಎದ್ದು ಬರೋ ದಿನ ಅಂತ ಒಂದಿದೆಯಲ್ಲ. ಬೆನ್ನಿಗೆ ಸಿಬಿರು ಚುಚ್ಚಿಸಿಕೊಂಡು ಏಳ್ಬೇಕಾ ಪಾಪ."

ಅಷ್ಟೇ. ಹರೆಯದವರು ತಿಂಗಳುಗಟ್ಟಲೆ ಪತ್ರ ಬರೆದು ಸಾಧಿಸುವುದನ್ನು ಇವರಿಬ್ಬರೂ ಒಂದು ಹೆಣದ ನೆಪದಲ್ಲಿ ಎರಡು ಮಾತಿನಲ್ಲಿ ಮುಗಿಸಿಬಿಟ್ಟರು.

ಕೆಲಸ ಕೆಟ್ಟದ್ದು ಆಮೇಲೆ. ಮದುವೆಯ ಮಾತೆತ್ತಲು ಹೋದ ದಿನ ಅಣ್ಣ ತಲೆಗೆ ಎಣ್ಣೆ ಹಚ್ಚಿದ್ದ, ಒಳ್ಳೆಯ ಅಂಗಿ ಹಾಕಿದ್ದ, ಆದರೆ ಕೊರಳಲ್ಲಿದ್ದ ಅಳತೆ ಟೇಪು ತೆಗೆಯಲು ಮರೆತಿದ್ದ. ಇಸ್ತ್ರಿ ಮೇಜಿನ ಹೆಂಗಸರು ಬಿಡುತ್ತಾರೆಯೇ?

"ಅಕ್ಕಾ, ನಿಮ್ಮ ಅಳತೆ ತಗೊಳ್ಳೋಕೆ ಬಂದಿದಾರೆ ನೋಡಿ. ಉದ್ದ ಸ್ವಲ್ಪ ಜಾಸ್ತಿ ಬರ್ಕೊಳ್ಳಿ ಅನ್ನಿ."

ಬಿದ್ದು ಬಿದ್ದು ನಕ್ಕರು. ಲಾಂಡ್ರಿಯಕ್ಕ ಮಡಿಸುತ್ತಿದ್ದ ಚಾದರದಲ್ಲೇ ಮುಖ ಮುಚ್ಚಿಕೊಂಡಳು. ಸಂಜೆ ನಮ್ಮ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತು, ಅಣ್ಣನನ್ನು ನೋಡದೆ ನನಗೆ ಹೇಳಿದಳು: "ನಿಮ್ಮಣ್ಣ ನನಗೆ ಒಪ್ಪಿಗೆ. ಆದ್ರೆ ಬಡತನ ನುಂಗಿದೀನಿ, ಒಂಟಿತನ ನುಂಗಿದೀನಿ, ಈ ವಯಸ್ಸಲ್ಲಿ ನಗೆಪಾಟಲಾಗೋದು ನುಂಗೋಕಾಗಲ್ಲ. ಚರ್ಚಲ್ಲಿ ಮೂರು ಭಾನುವಾರ ನಮ್ಮ ಮದುವೆ ವಿಷಯ ಓದ್ತಾರಲ್ಲ, ಯಾರದಾದ್ರೂ ತಕರಾರಿದ್ರೆ ಹೇಳಿ ಅಂತ? ಆ ಮೂರು ಸಲದಲ್ಲಿ ಒಬ್ಬರು ನಕ್ಕರೂ ಮದುವೆ ಇಲ್ಲ."

ಅಣ್ಣನ ಸಿಳ್ಳೆ ನಿಂತಿತು. ಗಿರಾಕಿಗಳಿಗೆ ಸಮಾಧಾನವಾಯಿತು.

ನಾನು ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಮನೆ ಮನೆ ಹತ್ತಿ ಇಳಿದೆ. ಇಸ್ತ್ರಿ ಹೆಂಗಸರು ನಾಚಿ ತಲೆ ತಗ್ಗಿಸಿದರು. ಹಾಡುವ ಗುಂಪಿನ ಹುಡುಗಿಯರು ಮಾತು ಕೊಟ್ಟರು, ಕೊಡುವಾಗಲೇ ಕಿಸಕ್ಕೆಂದರು. ನನಗೆ ನಿಜವಾದ ಭಯ ಹಾರ್ನ್ ಮಾಮನದು. ನಿವೃತ್ತ ಬಸ್ ಡ್ರೈವರ್. ಅವನು ನಕ್ಕರೆ ಎರಡು ಬೀದಿಯಾಚೆ ನಾಯಿಗಳು ಬೊಗಳುತ್ತವೆ.

"ಮಾಮ, ಮೂರು ವಾರ ಪಕ್ಕದೂರಿನ ಚರ್ಚಿಗೆ ಹೋಗ್ತೀಯಾ?"

ಅವನು ಯೋಚಿಸಿದ. "ಹೋಗ್ಬಹುದು. ಆದ್ರೆ ಅವಳು ನನ್ನ ಖಾಲಿ ಜಾಗ ನೋಡಿದ್ರೆ ಏನಂದ್ಕೋತಾಳೆ? ನಗು ತಡೆಯೋಕಾಗದೆ ಓಡಿಹೋದ ಅಂತ ತಾನೇ? ಅದು ನಕ್ಕಿದ್ದಕ್ಕಿಂತ ಕಡೆ. ಬರ್ತೀನಮ್ಮ. ಸತ್ರೂ ನಗಲ್ಲ."

ಮೊದಲ ಭಾನುವಾರ ಫಾದರ್ ಓದಿದರು: "ವರ, ಅರವತ್ತಮೂರು ವರ್ಷ, ಅವಿವಾಹಿತ." ಹಾರ್ನ್ ಮಾಮ ಕರವಸ್ತ್ರವನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಕ್ಷೇಮ. ಎರಡನೆಯ ಭಾನುವಾರ ಹಾಡುವ ಹುಡುಗಿಯೊಬ್ಬಳು ನಗುವನ್ನು ಸೀನಿಗೆ ತಿರುಗಿಸಿದಳು. ಅವಳ ಹಿಂದೆ ಹನ್ನೊಂದು ಜನ ಸೀನಿದರು. ಲಾಂಡ್ರಿಯಕ್ಕ ಹುಬ್ಬು ಗಂಟಿಕ್ಕಿ ನೋಡಿದಳು. ಧೂಳು ಕಣಕ್ಕ, ಧೂಳು ಎಂದು ನಾನು ಸನ್ನೆ ಮಾಡಿದೆ.

ಮೂರನೆಯ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷಕ್ಕೊಮ್ಮೆ ಬರುವವರೂ ಬಂದಿದ್ದರು. ಗಂಡಸರ ಕಡೆ ಮೊದಲ ಬೆಂಚಿನಲ್ಲಿ ಅಣ್ಣ, ಕೊರಳಲ್ಲಿ ಟೇಪು ಇಲ್ಲವೆಂದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೆಂಗಸರ ಕಡೆ ಲಾಂಡ್ರಿಯಕ್ಕ, ಅವಳ ಪಕ್ಕ ನಾನು.

ಫಾದರ್ ಚೀಟಿ ಬಿಡಿಸಿದರು. ಓದಿದರು. "ಯಾರದಾದರೂ ತಕರಾರಿದ್ದರೆ ಈಗಲೇ ಹೇಳಬೇಕು," ಎಂದು ನಿಲ್ಲಿಸಿದರು.

ಮುನ್ನೂರು ಜನ ಉಸಿರು ಬಿಗಿಹಿಡಿದರು. ಒಂದು ಕೆಮ್ಮಿಲ್ಲ, ಒಂದು ಮಿಸುಕಾಟವಿಲ್ಲ. ಲಾಂಡ್ರಿಯಕ್ಕ ಮೆಲ್ಲಗೆ ತಲೆ ತಿರುಗಿಸಿ ನೋಡಿದಳು. ಕಾನ್ವೆಂಟಿನ ಹಿರಿಯ ಸಿಸ್ಟರ್ ಕೆನ್ನೆ ಪೂರಿಯ ಹಾಗೆ ಉಬ್ಬಿತ್ತು. ಇಸ್ತ್ರಿ ಹೆಂಗಸರು ಒಬ್ಬರ ತೊಡೆ ಒಬ್ಬರು ಚಿವುಟುತ್ತಿದ್ದರು. ಹಾರ್ನ್ ಮಾಮನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಣ್ಣಲ್ಲಿ ಧಾರಾಕಾರ ನೀರು. ಫಾದರ್ ಕೈಯ ಚೀಟಿಯೂ ನಡುಗುತ್ತಿತ್ತು.

ಪಕ್ಕದಲ್ಲಿ ಅನ್ನದ ಪಾತ್ರೆಯ ಮುಚ್ಚಳ ಕುಣಿದಂಥ ಸದ್ದು. ನೋಡಿದರೆ ಲಾಂಡ್ರಿಯಕ್ಕ. ಭುಜ ಕುಲುಕಿತು, ಸೆರಗು ಬಾಯಿಗೆ ಹೋಯಿತು, ಪ್ರಯೋಜನವಾಗಲಿಲ್ಲ. ಗಟ್ಟಿಯಾಗಿ ನಕ್ಕೇಬಿಟ್ಟಳು.

ಉಳಿದವರು ಯಾರೂ ನಗಲಿಲ್ಲ. ಎಲ್ಲರೂ ಅಣ್ಣನ ಕಡೆ ತಿರುಗಿದರು. ಅಣ್ಣ ಎದ್ದು ನಿಂತ. ಅವನ ಮುಖ ನಾನು ಹಚ್ಚುವ ಬಟ್ಟೆಗಿಂತ ಬಿಳಿಯಾಗಿತ್ತು.

"ನಕ್ಕಿದ್ದು ಯಾರು?" ಎಂದ.

"ನಾನೇ," ಅವಳೂ ಎದ್ದಳು.

"ಒಬ್ಬರು ನಕ್ಕರೂ ಮದುವೆ ಇಲ್ಲ ಅಂದಿದ್ರಿ."

"ಅಂದಿದ್ದೆ. ಆ ಮಾತು ಆಡಿದವಳೂ ನಾನೇ, ವಾಪಸ್ ತಗೊಳ್ಳೋಳೂ ನಾನೇ." ಕಣ್ಣೊರೆಸಿಕೊಂಡು ಫಾದರ್ ಕಡೆ ತಿರುಗಿದಳು. "ಒಬ್ಬ ಬಟ್ಟೆ ಒಗೆಯೋಳ ಮರ್ಯಾದೆ ಉಳಿಸೋಕೆ ಇಷ್ಟು ಜನ ಉಸಿರು ಕಟ್ಟಿ ಕೂತಿದಾರಲ್ಲ, ಇನ್ನೇನು ಬೇಕು ನನಗೆ. ಸಾಕು, ನಗೋಕೆ ಹೇಳಿ ಫಾದರ್. ಆ ಮಾಮ ಇಲ್ಲೇ ಸತ್ತುಗಿತ್ತರೆ ಪೆಟ್ಟಿಗೆ ಕೆಲಸಕ್ಕೆ ಅಂತ ಇವರು ಮದುವೆ ಮುಂದಕ್ಕೆ ಹಾಕ್ತಾರೆ."

ಹಾರ್ನ್ ಮಾಮ ಅಷ್ಟಾದರೂ ನಗಲಿಲ್ಲ. ಮಾತು ಕೊಟ್ಟವನು ಅವನು. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಮೂರು ವಾರ ಕೂಡಿಟ್ಟಿದ್ದ ನಗು ಒಮ್ಮೆಗೇ ಹೊರಬಿತ್ತು. ಕಿಟಕಿ ಗಾಜು ಅದುರಿತು. ಸಿಸ್ಟರ್ ಬೆಂಚಿಗೆ ಒರಗಿಬಿಟ್ಟರು. ಫಾದರ್ ಪೂಜೆಯ ಮೇಜು ಹಿಡಿದುಕೊಂಡು ಬಗ್ಗಿ ನಕ್ಕರು. ಆ ನಗುವಿನಲ್ಲಿ ಒಂದು ಸಿಬಿರೂ ಇರಲಿಲ್ಲ. ಹೊಲಿಗೆಯವಳು ನಾನು, ಚುಚ್ಚುವುದು ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಅಣ್ಣ ಒಬ್ಬನೇ ನಗುತ್ತಿರಲಿಲ್ಲ. "ಹಾಗಾದ್ರೆ ಮದುವೆ ಇದೆಯಾ?" ಎಂದು ಕೇಳುತ್ತಿದ್ದ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. "ರೀ, ಇದೆಯಾ ಇಲ್ವಾ?" ಮತ್ತೆ ಕೇಳಿದ.

ಅವಳು ನನ್ನ ಕಾಲು ದಾಟಿ, ನಡುವಿನ ದಾರಿ ದಾಟಿ, ಗಂಡಸರ ಬೆಂಚಿನ ಬಳಿ ಹೋಗಿ ನಿಂತಳು.

"ಸ್ವಲ್ಪ ಸರೀರಿ," ಎಂದಳು.

ಅಣ್ಣ ಸರಿದ. ಅವಳು ಕುಳಿತಳು. ಫಾದರ್ ಕನ್ನಡಕ ಒರೆಸಿಕೊಂಡು ಮುಂದಿನ ಪ್ರಕಟಣೆ ಓದತೊಡಗಿದರು. ಅದು ಚರ್ಚಿನ ನೀರಿನ ಟ್ಯಾಂಕು ತೊಳೆಯುವ ವಿಚಾರ. ಯಾವತ್ತು ತೊಳೆಯಬೇಕು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.