ಅಂಕಣದ ಮೇಲಿನ ರಾಶಿ

ಕೈಲಾಂಚದ ಆಚೆಗಿನ ಆ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಎರಡು ವಾರಗಳಿಂದ ಚೆಂಡು ಪುಟಿದಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಅಶ್ವಥ್ ಅಲ್ಲಿ ತನ್ನ ರಾಗಿಯ ಒಕ್ಕಣೆ ಮಾಡಿಸಿದ್ದ. ಮಕ್ಕಳಿಗೆಂದು ಸರ್ಕಾರ ಹಾಸಿಕೊಟ್ಟ ಸಿಮೆಂಟು ಇರುವಾಗ ಸ್ವಂತ ಹೊಲದಲ್ಲಿ ಕಣ ಸಾರಿಸುವ ಶ್ರಮವೇಕೆ?

ಎಂಟನೆಯ ತರಗತಿಯ ಭಾನುಪ್ರಿಯಳಿಗೆ ಶಾಲೆಯೆಂದರೆ ಆ ಅಂಕಣವೇ. ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಹುಡುಕಲು ತರಬೇತುದಾರರಾದ ಅಸ್ರಾ ಶನಿವಾರ ಬರುವವರಿದ್ದರು. ಅಂಥ ಅವಕಾಶ ಮತ್ತೆ ಯಾವಾಗಲೋ. ಗುರುವಾರ ಅವಳು ಧೈರ್ಯ ಮಾಡಿ ಅಶ್ವಥ್‌ನ ಮುಂದೆ ನಿಂತಳು.

"ಅಣ್ಣಾ, ಶನಿವಾರ ಆಟ ನೋಡಕ್ಕೆ ಮೇಡಮ್ಮು ಬತ್ತಾರೆ. ರಾಗಿ ಒಸಿ ಆ ಕಡೀಕೆ ಎಳ್ಸಿ."

"ಆಯ್ತು ಬುಡವ್ವಾ, ನಾಳೀಕೆ ಎತ್ತಿಸ್ಬುಡ್ತೀನಿ."

ಎತ್ತಿಸಲಿಲ್ಲ. ಶುಕ್ರವಾರ ಸಂಜೆ ರಿಂಗಿನ ಕೆಳಗೇ ರಾಶಿ ಮಾಡಿಸಿ, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಅದರ ನೆತ್ತಿಯ ಮೇಲೆ ಕೂರಿಸಿ, ಊದುಬತ್ತಿ ಹಚ್ಚಿದ. ಬೆನಕ ಕೂತ ರಾಶಿಯನ್ನು ಒಳ್ಳೆಯ ದಿನ ನೋಡಿ ಅಳೆಯುವ ತನಕ ಯಾರೂ ಕದಲಿಸರು. ಅದರ ಬಳಿಗೆ ಮೆಟ್ಟು ಹಾಕಿಕೊಂಡು ಹೋಗರು. ಊರಿನ ಆ ಭಕ್ತಿಯನ್ನೇ ಅವನು ಬೇಲಿ ಮಾಡಿಕೊಂಡಿದ್ದ. ದೇವರನ್ನು ಕಾವಲಿಗೆ ನಿಲ್ಲಿಸಿದ್ದ.

"ಈಗ ನಾನೇ ಮುಟ್ಟಂಗಿಲ್ಲ ಕಣವ್ವಾ," ಎಂದು ಕೈ ಒರೆಸಿಕೊಂಡು ನಕ್ಕ. "ಚೆಂಡಾಟ ಎಲ್ಲೋಯ್ತದೆ?"

ಭಾನುಪ್ರಿಯ ಮುಖ್ಯೋಪಾಧ್ಯಾಯ ಯೋಗಾನಂದರ ಬಳಿಗೆ ಓಡಿದಳು. ಸಾರ್ವಜನಿಕ ಸ್ವತ್ತು ದೇವರ ಸ್ವತ್ತು ಎಂದು ದಿನವೂ ಪ್ರಾರ್ಥನೆಯ ಹೊತ್ತಿನಲ್ಲಿ ಬೋಧಿಸುವ ಮೇಷ್ಟರು ಅವರು. ಹೊರಡಲು ಸ್ಕೂಟರ್ ಏರಿ ಕೂತಿದ್ದರು. ಪಾದಗಳ ನಡುವೆ ಒಂದು ರಾಗಿಮೂಟೆ ಇತ್ತು.

"ಪೂಜೆ ಆದ ರಾಶಿ ಕಣಮ್ಮ, ನಮ್ಮ ಕೈಲಿ ಏನಿದೆ?" ಎಂದರು, ಅವಳ ಮುಖ ನೋಡದೆ.

ಅವರ ಬಿಳಿಯ ಪ್ಯಾಂಟಿಗೆ ರಾಗಿಯ ಹೊಟ್ಟು ಅಂಟಿತ್ತು. ಅವರು ಬರೆದು ಬಿಟ್ಟ ಸೀಮೆಸುಣ್ಣದ ತುಂಡನ್ನು ಒಮ್ಮೆ ಮನೆಗೊಯ್ದು ಜೋಪಾನವಾಗಿ ಇಟ್ಟುಕೊಂಡಿದ್ದ ಹುಡುಗಿ, ಉಣ್ಣುವ ತಟ್ಟೆಯಲ್ಲಿ ಹುಳ ಕಂಡವಳಂತೆ ಹಿಂದೆ ಸರಿದಳು.

ಶನಿವಾರ ಅಸ್ರಾ ಬಂದರು. ಅಂಕಣದ ಅಂಚಿನಲ್ಲಿ ನಿಂತು ರಾಶಿಯನ್ನು ನೋಡಿದರು.

"ನಮ್ಮ ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿ ಇಲ್ಲ ಮೇಡಂ," ಎಂದರು ಯೋಗಾನಂದ ತಣ್ಣಗೆ. "ಜಾಗ ಸುಮ್ನೆ ಬಿದ್ದಿತ್ತು, ರೈತರಿಗಾದ್ರೂ ಆಗ್ಲಿ ಅಂತ ಕೊಟ್ವಿ."

ಅವರ ಬೆನ್ನ ಹಿಂದೆಯೇ ಭಾನುಪ್ರಿಯ ಚೆಂಡು ಹಿಡಿದು ನಿಂತಿದ್ದಳು. ಅವಳು ರಾಶಿಗೆ ದೂರದಲ್ಲೇ ನಿಂತು, ಮಂಡಿ ಬಾಗಿಸಿ, ಮಣಿಕಟ್ಟು ಬಳುಕಿಸಿ ಚೆಂಡೆಸೆದಳು. ಅದು ರಾಶಿಯ ಮೇಲಿಂದ ಕಮಾನಿನಂತೆ ಹಾದು, ರಿಂಗಿನ ಕಬ್ಬಿಣಕ್ಕೂ ತಾಗದೆ ಒಳಗೆ ಇಳಿದು, ರಾಗಿಯಲ್ಲಿ ಹೂತು ಕೂತಿತು. ಬೆನಕ ಉರುಳಿದ.

"ಲಕ್ಷ್ಮೀ ಮ್ಯಾಲೆ ಎಸೆದ್ಬುಟ್ಲಲ್ಲಾ," ಎಂದು ಅಶ್ವಥ್ ಎದೆ ಬಡಿದುಕೊಂಡ.

ಅಸ್ರಾ ಅವನತ್ತ ತಿರುಗಲೂ ಇಲ್ಲ. "ಏನಮ್ಮ ನಿನ್ನ ಹೆಸರು?" ಎಂದು ಕೇಳಿ, ಅರ್ಜಿಯಲ್ಲಿ ಬರೆದುಕೊಂಡರು. "ಬುಧವಾರ ರಾಮನಗರಕ್ಕೆ ಬಾ. ಸಾರ್, ಇಲ್ಲೊಂದು ಸಹಿ."

ಯೋಗಾನಂದರು ಸಹಿ ಹಾಕಿದರು. ಜೊತೆಗೇ ಮೊಬೈಲು ತೆಗೆದು ಯಾರಿಗೋ ಕೊಟ್ಟು ಭಾನುಪ್ರಿಯಳ ಪಕ್ಕಕ್ಕೆ ಬಂದರು. "ನಾನೇ ತಿದ್ದಿದ ಹುಡುಗಿ ಮೇಡಂ. ಬಾಮ್ಮ, ಗುರುಗಳ ಕಾಲಿಗೆ ಬಿದ್ದು ಹೊರಡು. ಫೋಟೋ ತೆಗೀಲಿ."

ಕಾಲಿಗೆ ಬೀಳುವುದು ಅವಳು ಅಂಗನವಾಡಿಯಿಂದ ಕಲಿತ ಪಾಠ. ಅವಳು ಬಾಗಿದಳು, ಬಾಗಿ, ತನ್ನ ಶೂಗಳ ದಾರ ಬಿಚ್ಚಿದಳು. ಬರಿಗಾಲಲ್ಲಿ ರಾಶಿಯ ಬಳಿಗೆ ಹೋಗಿ, ಬಿದ್ದ ಬೆನಕನನ್ನು ಎತ್ತಿ ಕೂರಿಸಿ ಕೈಮುಗಿದಳು. ಚೆಂಡಿಗೆ ಅಂಟಿದ ಕಾಳುಗಳನ್ನು ಒಂದೂ ಚೆಲ್ಲದಂತೆ ರಾಶಿಗೇ ಉದುರಿಸಿದಳು. ಅನ್ನ ಯಾವ ತಪ್ಪನ್ನೂ ಮಾಡಿರಲಿಲ್ಲ.

ಅನಂತರ ಚೆಂಡನ್ನು ಕಂಕುಳಲ್ಲಿಟ್ಟು, ಆಶೀರ್ವಾದಕ್ಕೆಂದು ಮುಂದೆ ಚಾಚಿದ್ದ ಕೈಯನ್ನು ದಾಟಿ ಹೊರಟುಹೋದಳು.